ಸಾಹೇಬರು ನೋಡುವವರೆಗೆ ಮುಚ್ಚಬಾರದ ತೂತು

ಗೆಳತಿಯರೇ, ಇವತ್ತು ಬೆಳಿಗ್ಗೆ ಮಿರ್ಜಾನದ ನಮ್ಮ ಗಜನಿ ಗದ್ದೆಯ, ಅಂದರೆ ಉಬ್ಬರ ಏರುವ ಹೊಳೆಯಂಚಿನ ತಗ್ಗು ಗದ್ದೆಯ, ಒಡ್ಡಿಗೆ ತೂತು ಬಿದ್ದು, ಹೊಳೆಯ ಉಪ್ಪುನೀರು ಒಳಗೆ ನುಗ್ಗತೊಡಗಿತು. ಭತ್ತ ತೆನೆ ಬಿಟ್ಟಿದೆ. ಪೂಜೆಯನ್ನು ಅರ್ಧಕ್ಕೆ ಬಿಟ್ಟು ಓಡಿದೆ. ಇಂಥ ಹೊತ್ತಿನಲ್ಲಿ ಮನೆಗೊಬ್ಬರು ಬಂದು ಮಣ್ಣು ಹಾಕುವುದು ನಮ್ಮಲ್ಲಿ ಮೊದಲಿನಿಂದ ಬಂದ ರೂಢಿ. ಆದರೆ ಪಕ್ಕದ ಮನೆಯ ಗಣಪ ಮಾಮಲೇದಾರ ಸಾಹೇಬರಿಗೆ ಬರೆದ ಅರ್ಜಿ ಹಿಡಿದುಕೊಂಡು ಅಡ್ಡ ನಿಂತಿದ್ದ.

"ಮುಚ್ಚಬೇಡಿ ಅಕ್ಕಾ. ಸ್ವರಾಜ್ಯ ಬಂತಲ್ಲ, ಇನ್ನು ಒಡ್ಡು ಸರಕಾರದ್ದು. ತೂತು ಮುಚ್ಚಿದ್ರೆ ಸಾಹೇಬ್ರಿಗೆ ಎಂತ ತೋರ್ಸೂದು?"

ನನಗೆ ಸಿಟ್ಟು ಬಂತು. "ಐದು ವರ್ಷದ ಹಿಂದೆ ಸರಕಾರವೇ ಬೇಡ ಅಂತ ಜೈಲಿಗೆ ಹೋದವ ನೀನೇ ಅಲ್ದನಾ? ಈಗ ಒಂದು ಬುಟ್ಟಿ ಮಣ್ಣಿಗೂ ಸರಕಾರ ಬೇಕಾ ಮಾರಾಯಾ?"

"ಅದು ಪರರ ಸರಕಾರ. ಇದು ನಮ್ದು."

"ನಮ್ದಾದ್ರೆ ನಾವೇ ಮುಚ್ವಾ. ಹಿಡಿ ಬುಟ್ಟಿ!"

ಅವನು ಹಿಡಿಯಲಿಲ್ಲ. ನಾವು ಆರು ಹೆಂಗಸರೇ ಸೇರಿ ಮುಚ್ಚಿದೆವು. ಸಂಜೆಯ ಉಬ್ಬರಕ್ಕೆ ಆ ಹಸಿ ಮಣ್ಣು ನಿಲ್ಲುತ್ತದೋ ಇಲ್ಲವೋ. ಜಪಕ್ಕೆ ಕೂತರೂ ಮನಸ್ಸು ಹೊಳೆದಂಡೆಯಲ್ಲೇ ಇದೆ. ಗಣಪನೂ ಈಗ ಅಲ್ಲೇ ಕೂತಿದ್ದಾನಂತೆ. ಒಡ್ಡು ನೋಡಿಕೊಳ್ಳಲಿಕ್ಕೋ, ಸಾಹೇಬರ ದಾರಿ ನೋಡಲಿಕ್ಕೋ, ದೇವರೇ ಬಲ್ಲ.