ಎಮ್ಮೆಲ್ಲೆ ಬರೋವರೆಗೂ ಎತ್ತಂಗಿಲ್ಲ

ನಮ್ಮ ಕಡೆ ಎಮ್ಮೆಲ್ಲೆ ಆದವರು ರಸ್ತೆ ಹಾಕಿಸದಿದ್ದರೆ ಜನ ಹೇಗೋ ಮರೆಯುತ್ತಾರೆ, ಮನೆಯ ಸಾವಿಗೆ ಬಾರದಿದ್ದರೆ ಮರೆಯುವುದಿಲ್ಲ. ಬೀಗರೂಟಕ್ಕೆ ತಪ್ಪಿಸಿಕೊಂಡವರನ್ನು ‘ಬುಡು, ಏನೋ ಕೆಲಸ ಇತ್ತೇನೋ’ ಎಂದು ಬಿಡುವ ಬಾಯಿಯೇ ಸಾವಿಗೆ ಬಾರದವರನ್ನು ಮುಂದಿನ ಎಲೆಕ್ಷನ್‌ವರೆಗೂ ಎತ್ತಿ ಆಡುತ್ತದೆ. ಅದಕ್ಕೇ ನಮ್ಮಲ್ಲಿ ಹೆಣವೂ ಎಮ್ಮೆಲ್ಲೆಗಾಗಿ ಕಾಯುವುದುಂಟು. ನಮ್ಮಪ್ಪನೂ ಕಾದ.

ಪಾಂಡವಪುರದಿಂದ ತೊಣ್ಣೂರಿಗೆ ಹೋಗುವ ದಾರಿಯಲ್ಲಿ ನಮ್ಮೂರು. ಎಮ್ಮೆಲ್ಲೆ ಮತ್ತೊಂದು ಸಲ ಎಲೆಕ್ಷನ್‌ಗೆ ನಿಂತಿದ್ದರು. ಅವರ ಮೊದಲ ಚುನಾವಣೆಯಿಂದಲೂ ಊರಿನ ಬೂತು ಅಪ್ಪನ ಜವಾಬ್ದಾರಿ. ಆಗ ಅಪ್ಪನ ಜೊತೆ ಹಗಲಿರುಳು ಓಡಾಡಿದವರು ಅವನ ಗೆಳೆಯ, ನಾವು ಮಕ್ಕಳು ಮಾವ ಎಂದು ಕರೆಯುವವರು. ಇಬ್ಬರ ಗದ್ದೆಗೂ ಒಂದೇ ಬದು. ಈ ಸಲ ಮಾವ ಎದುರು ಪಕ್ಷದ ಶಾಲು ಹೊದ್ದಿದ್ದರು. ಕೊನೆ ಬಯಲಿಗೆ ನಾಲೆ ನೀರು ಬರಲಿಲ್ಲವೆಂಬ ಸಿಟ್ಟು ಅವರದು.

ಶಾಲು ಬೇರೆಯಾದರೂ ಬೆಳಗಿನ ಟೀ ಬೇರೆಯಾಗಲಿಲ್ಲ. ನಾನು ಕೆ.ಆರ್. ಪೇಟೆಯ ಗಂಡನ ಮನೆಯಿಂದ ಬಂದಾಗ ಟೀ ಅಂಗಡಿಯ ಮುಂದೆಯೇ ಬಸ್ಸಿಳಿಯಬೇಕು. ಇಳಿಯುವಾಗಲೇ ಇಬ್ಬರ ಗದ್ದಲ ಕೇಳುತ್ತಿತ್ತು.

“ಏನ್ಲಾ ಮಾಡ್ದ ನಿನ್ನ ಎಮ್ಮೆಲ್ಲೆ ಐದು ವರ್ಷ?”

“ನಿನ್ನಂತೋನ ಬಾಯಿ ತಡ್ಕೊಂಡವ್ನಲ್ಲ ಕಣ್ಲಾ, ಸಾಲ್ದಾ?”

ಇಷ್ಟು ಬೈದಾಡಿ ಒಂದೇ ಟೀಯನ್ನು ಇಬ್ಬರೂ ಬೈಟು ಮಾಡಿ ಕುಡಿಯುತ್ತಿದ್ದರು. ಇದನ್ನು ನೋಡಿ ಊರು ನಗುತ್ತಿತ್ತು. ನಮ್ಮಣ್ಣ ಮಾತ್ರ ನಗುತ್ತಿರಲಿಲ್ಲ. ಅವನಿಗೆ ತಾಲ್ಲೂಕು ಪಂಚಾಯ್ತಿ ಟಿಕೆಟ್ಟಿನ ಆಸೆ. ಎದುರು ಪಾರ್ಟಿಯವನ ಜೊತೆ ಕೂತರೆ ಮೇಲಿನವರು ಏನಂದುಕೊಂಡಾರು ಎಂದು ಅಪ್ಪನನ್ನೇ ಗದರುತ್ತಿದ್ದ. ಅಪ್ಪ ಟವೆಲ್ ಕೊಡವಿ ಎದ್ದು ಹೋಗುತ್ತಿದ್ದ, ಟೀ ಅಂಗಡಿಗೇ.

ಪ್ರಚಾರ ಬಿಸಿಯೇರಿದ್ದಾಗ ಒಂದು ಬೆಳಿಗ್ಗೆ ಅಪ್ಪ ದನಕ್ಕೆ ಹುಲ್ಲು ಹಾಕುತ್ತಾ ಕುಸಿದು ಕೂತವನು ಏಳಲಿಲ್ಲ. ನಾನು ಬಂದು ಸೇರುವಷ್ಟರಲ್ಲಿ ಅಂಗಳದಲ್ಲಿ ಶಾಮಿಯಾನ, ಬಾಡಿಗೆಯ ಫ್ರೀಜರ್ ಪೆಟ್ಟಿಗೆ, ಅದರ ಮೇಲೆ ಪಕ್ಷದ ಬಾವುಟ. ಬಾವುಟ ಯಾಕೆ ಅಂದೆ. ಅಣ್ಣ ಕೇಳಿಸದವನಂತೆ ಫೋನಿನಲ್ಲಿದ್ದ. “ಎಮ್ಮೆಲ್ಲೆ ಬರೋವರೆಗೂ ಎತ್ತಂಗಿಲ್ಲ” ಎಂದು ಎಲ್ಲರಿಗೂ ಹೇಳಿಬಿಟ್ಟಿದ್ದ.

ಹೊತ್ತು ಮುಳುಗುವ ಮೊದಲು ಮಣ್ಣು ಮಾಡಬೇಕು. ಎಮ್ಮೆಲ್ಲೆಯೋ ತೊಣ್ಣೂರಿನಾಚೆಯ ಊರುಗಳಲ್ಲಿ ಸಿಕ್ಕಿಕೊಂಡಿದ್ದರು. ಊರಿಗೊಂದು ಕ್ರೇನು, ಕ್ರೇನಿಗೊಂದು ಸೇಬಿನ ಹಾರ. ಹಾರ ಹಾಕುವುದು ಒಂದು ಗಳಿಗೆಯ ಕೆಲಸ, ಆಮೇಲೆ ಸೇಬಿಗೆ ಮುಗಿಬೀಳುವ ಜನರನ್ನು ಸರಿಸಿ ಗಾಡಿ ಬಿಡಿಸಿಕೊಂಡು ಬರುವುದೇ ದೊಡ್ಡ ಕೆಲಸ. “ಇನ್ನೇನು ಬಂದ್ಬುಟ್ರು” ಎಂದು ಅಣ್ಣ ಸಾರುವುದು, ಅಳು ನಿಲ್ಲಿಸಿದ್ದ ಹೆಂಗಸರು ಮತ್ತೆ ಅಳುವುದು, ಯಾರೂ ಬಾರದಿರುವುದು. ಹೀಗೇ ಮಧ್ಯಾಹ್ನ ಕಳೆಯಿತು. ನನಗೆ ಮೈಯೆಲ್ಲಾ ಉರಿಯುತ್ತಿತ್ತು.

ಆಗ ಮಾವ ಬಂದರು. ದೂರದ ಊರಿನ ಪ್ರಚಾರದಲ್ಲಿದ್ದವರಿಗೆ ಸುದ್ದಿ ತಡವಾಗಿ ಸಿಕ್ಕಿತ್ತು. ಗೇಟಿನಾಚೆ ಸ್ಕೂಟರ್ ನಿಲ್ಲಿಸಿ, ಹೆಗಲ ಮೇಲಿದ್ದ ಶಾಲು ತೆಗೆದು ಮಡಿಸಿ ಸೀಟಿನಡಿಯ ಡಬ್ಬಿಗೆ ಹಾಕಿದರು. ಬರಿಗಾಲಲ್ಲಿ ಒಳಗೆ ಬಂದರು. ಅಷ್ಟು ತಿಳಿವಳಿಕೆ ಅವರಿಗಿತ್ತು, ನಮ್ಮವರಿಗೆ ಇರಲಿಲ್ಲ. ಅಣ್ಣ ಎದ್ದು ಹೋಗಿ ಅಡ್ಡ ನಿಂತ.

“ಈಗ ಬ್ಯಾಡ ಮಾವ. ಎಮ್ಮೆಲ್ಲೆ ಬರೋ ಹೊತ್ತು. ನಿನ್ನ ಇಲ್ಲಿ ಕಂಡ್ರೆ ನಂಗೆ ತೊಂದ್ರೆ. ಆಮೇಲ್ ಬಾ.”

“ಆಮೇಲ್ ಯಾರ್ನ ನೋಡಾಕ್ ಬರ್ಲಾ?” ಎಂದರು ಮಾವ. ಜೋರಾಗಿ ಅನ್ನಲಿಲ್ಲ. ಬಾಗಿ, ಅಂಗಳದ ಅಂಚಿನಿಂದಲೇ ಪೆಟ್ಟಿಗೆಯ ಕಡೆ ಒಂದು ಸಲ ನೋಡಿ ತಿರುಗಿದರು. ನಾನು ಹೆಂಗಸರ ನಡುವಿನಿಂದ ಎದ್ದು, ತುಳಿದು, ದಾಟಿ ಗೇಟಿಗೆ ಓಡುವಷ್ಟರಲ್ಲಿ ಸ್ಕೂಟರ್ ನಾಲೆ ಏರಿ ಮೇಲಿತ್ತು. ಅಣ್ಣನಿಗೆ ಅಲ್ಲಿಯೇ, ನೆಂಟರೆದುರೇ, ಬಾಯಿಗೆ ಬಂದಂತೆ ಬೈದೆ. ಬೈದರೆ ಹೋದವರು ಬರುತ್ತಾರೆಯೇ?

ಬಿಸಿಲು ಇಳಿದ ಮೇಲೆ ಎಮ್ಮೆಲ್ಲೆ ಬಂದರು. ಧ್ವನಿವರ್ಧಕದ ಗಾಡಿಯನ್ನು ಊರ ಹೊರಗೇ ನಿಲ್ಲಿಸಿ ನಡೆದು ಬಂದರು. ಅಂಗಿಯ ಕಾಲರಿನಲ್ಲಿ ಹೂವಿನ ಎಸಳು ಸಿಕ್ಕಿಕೊಂಡಿತ್ತು. ಬಾವುಟ ಸರಿಸಿ, ಪೆಟ್ಟಿಗೆಯ ಮುಚ್ಚಳ ತೆಗೆಸಿ ಅಪ್ಪನ ಪಾದ ಮುಟ್ಟಿದರು. ಮುಖ ನೋಡುತ್ತಾ ನಿಂತರು. ಅವರ ಕಣ್ಣಲ್ಲಿ ನೀರಿತ್ತು, ಅದು ನಾಟಕವೆಂದು ನಾನು ಹೇಳಲಾರೆ. ಆಮೇಲೆ ಸುತ್ತ ನೋಡಿ ಮಾವನ ಹೆಸರು ಹಿಡಿದು ಕೇಳಿದರು, “ಎಲ್ಲವ್ನೆ ಅವ್ನು? ಇವ್ರಿಬ್ರೂ ಒಂದೇ ಸೈಕಲ್ಲಲ್ಲಿ ನನ್ನ ಮೊದಲ್ನೇ ಎಲೆಕ್ಷನ್ ಮಾಡಿದ್ರು. ಅವ್ನು ಮಣ್ಣಾಕ್ದೆ ಎಂಗಪ್ಪಾ ಮುಚ್ತೀರಿ? ಕರೀರಿ.”

ಅಣ್ಣ ತಲೆ ತಗ್ಗಿಸಿದ. ಫೋನು ಮಾಡಿದವಳು ನಾನು. ಎಮ್ಮೆಲ್ಲೆಯೇ ಕೇಳುತ್ತಿದ್ದಾರೆ, ಬೇಗ ಬಾ ಮಾವ, ಹೊತ್ತಾಯಿತು ಎಂದೆ.

ಮಾವ ಅಂದರು, “ಬುಡವ್ವಾ. ಎಮ್ಮೆಲ್ಲೆ ಕರೆದ್ರು ಅಂತ ಈಗ ಬಂದ್ರೆ, ಸಾವ್ನ ನೆಪ ಮಾಡ್ಕೊಂಡು ಪಾರ್ಟಿ ತಿರುಗ್ಬುಟ್ಟ ಅಂತಾರೆ. ನಿಮ್ಮನೆಯೋರು ಕರೆದಿದ್ರೆ ಬತ್ತಿದ್ದೆ. ನಿಮ್ಮಪ್ಪ ಅಂತೂ ಕರಿಯಂಗಿಲ್ವಲ್ಲ.”

ಮನೆಮಗಳು ನಾನೇ ಕರೆಯುತ್ತಿದ್ದೇನೆ ಎನ್ನಬೇಕಿತ್ತು. ಆದರೆ ನನ್ನ ಬಾಯಿಂದ ಮೊದಲು ಬಂದದ್ದು ಎಮ್ಮೆಲ್ಲೆಯ ಹೆಸರು, ಅದನ್ನು ವಾಪಸು ತೆಗೆದುಕೊಳ್ಳುವುದು ಹೇಗೆ? ಅಷ್ಟರಲ್ಲಿ ಅವರು ಫೋನ್ ಇಟ್ಟರು. ಹೊತ್ತು ಮುಳುಗುತ್ತಿತ್ತು. ನಮ್ಮ ಗದ್ದೆಯ ಮೂಲೆಯಲ್ಲಿ, ಆ ಬದುವಿನ ಪಕ್ಕದಲ್ಲೇ ಮಣ್ಣು ಮಾಡಿದೆವು. ಎಮ್ಮೆಲ್ಲೆ ಒಂದು ಹಿಡಿ ಮಣ್ಣು ಹಾಕಿದರು, ಅವರ ಹಿಂದೆ ಬಂದ, ಅಪ್ಪನ ಮುಖವನ್ನೇ ಕಾಣದಿದ್ದ ಮರಿ ಲೀಡರುಗಳೂ ಹಾಕಿದರು.

ಎಮ್ಮೆಲ್ಲೆ ಗೆದ್ದರು. ನಮ್ಮ ಬೂತಿನಲ್ಲಿ ಲೀಡ್ ಬಂತೆಂದು ಅಣ್ಣ ಪಟಾಕಿ ಹೊಡೆಸಿದ.

ಮಾವ ಈಗಲೂ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರೆ ನಿಂತು ಮಾತಾಡಿಸುತ್ತಾರೆ. ಮಕ್ಕಳ ಓದು, ಕೆ.ಆರ್. ಪೇಟೆ ಕಡೆಯ ಮಳೆ ಬೆಳೆ ಎಲ್ಲಾ ವಿಚಾರಿಸುತ್ತಾರೆ. ಅವರು ಅಪ್ಪನ ಮಾತು ಎತ್ತುವುದಿಲ್ಲ, ನನಗೂ ಎತ್ತುವ ಧೈರ್ಯ ಬಂದಿಲ್ಲ.