ಸೋರುವ ವಾಲ್ವಿನ ಕೆರೆ

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಮೆಣಸೆ ಎಂಬ ಹಳ್ಳಿಯ ಗದ್ದೆ ಬಯಲಲ್ಲಿ ಬೆಳೆದು ಡಿಪ್ಲೊಮಾ ಮುಗಿಸಿದ್ದ ನನಗೆ ನರಸಿಂಹರಾಜಪುರದಲ್ಲಿ ಕಿರಿಯ ಎಂಜಿನಿಯರ್ ಕೆಲಸ ಸಿಕ್ಕಿತು. ಭದ್ರಾ ಜಲಾಶಯದ ಹಿನ್ನೀರಿನಿಂದ ಪಟ್ಟಣಕ್ಕೆ ನೀರು ಹತ್ತಿಸುವ ಪಂಪ್‌ಹೌಸು ಮತ್ತು ಅಲ್ಲಿಂದ ಊರಿನವರೆಗೆ ಬರುವ ಪೈಪ್‌ಲೈನು ನನ್ನ ಪಾಲಿಗೆ ಬಂದವು. ಆಗ ಅಲ್ಲಿ ಆ ಹುದ್ದೆಯಲ್ಲಿದ್ದ ಹೆಂಗಸು ನಾನೊಬ್ಬಳೇ. ಪಂಪ್ ನಡೆಸುವ ಆಪರೇಟರು ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಮೊದಲ ದಿನವೇ ಮೋಟಾರಿನ ಮೇಲೆ ಕೈಯಿಟ್ಟು, ಇದು ಹೇಗೆ ಸದ್ದು ಮಾಡಿದರೆ ಆರೋಗ್ಯವಾಗಿದೆ ಎಂದು ಕೇಳಿಸಿ ತೋರಿಸಿದರು.

ನಾನು ಸೇರಿ ಎರಡು ತಿಂಗಳಾಗಿರಬೇಕು. ಪೈಪ್‌ಲೈನು ಹಾದುಹೋಗುವ ಹಳೇ ಕೆರೆಯ ಅಂಚಿನಲ್ಲಿ ಒಂದು ವಾಲ್ವು ಸೋರುತ್ತಿದೆ, ಕೂಡಲೇ ನಿಲ್ಲಿಸಬೇಕು ಎಂದು ಮೇಲಿನಿಂದ ಚೀಟಿ ಬಂತು. ಆ ಕೆರೆಯನ್ನು ನಾನು ಅದುವರೆಗೆ ಕೆರೆಯೆಂದು ಅಂದುಕೊಂಡೇ ಇರಲಿಲ್ಲ. ಏರಿ ಒಡೆದು ಹೂಳು ತುಂಬಿ, ದನ ಮೇಯುವ ಒಣ ಬಯಲಾಗಿತ್ತು. ಆಪರೇಟರನ್ನು ಕರೆದುಕೊಂಡು ಪಾನಾ, ಗ್ಯಾಸ್ಕೆಟ್ ಹಿಡಿದು ಹೋದೆ.

ವಾಲ್ವಿನ ಗುಂಡಿಗೆ ಮುಚ್ಚಿದ್ದ ಕಲ್ಲಿನ ಮೇಲೆ ಒಬ್ಬ ಅಜ್ಜಿ ಕಾಲು ಮಡಚಿ ಕೂತಿದ್ದರು. ಪಕ್ಕದಲ್ಲಿ ಕತ್ತಿ, ತೊಡೆಯ ಮೇಲೆ ಹಸಿರು ಜೊಂಡಿನ ಕಟ್ಟು. ಚಾಪೆ ಹೆಣೆದು ಕೊಪ್ಪದ ಸಂತೆಗೆ ಕೊಂಡೊಯ್ಯುತ್ತಿದ್ದವರು. ಕೆರೆ ಒಣಗಿದ ಮೇಲೆ ಜೊಂಡು ಸಿಗದೆ ಅಡಿಕೆ ಸುಲಿಯುವ ಕೂಲಿಗೆ ಹೋಗುತ್ತಿದ್ದರೆಂದು ಆಪರೇಟರು ಮೆಲ್ಲಗೆ ಹೇಳಿದರು. ನಾವು ಬಂದ ಕೆಲಸ ತಿಳಿಸಿದರೂ ಅವರು ಕಲ್ಲು ಬಿಟ್ಟು ಏಳಲಿಲ್ಲ.

"ಇದನ್ನ ಕಟ್ಟಬೇಡ ಮಾರಾಯ್ತಿ," ಎಂದರು. "ಎಷ್ಟು ವರ್ಷ ಆದ್ಮೇಲೆ ಇಲ್ಲಿ ಜೊಂಡು ಹುಟ್ಟಿದೆ, ನೋಡು. ಆ ಬಾವಿ ಸಮೇತ ನೋಡು, ಆಮೇಲೆ ಎಂತ ಬೇಕಾದ್ರೂ ಮಾಡು."

ಸರಕಾರದ ನೀರು ಪೋಲಾಗಬಾರದು ಎಂದು ನಾನು ಪುಸ್ತಕದ ಮಾತು ಆಡಿದೆ. ಅವರು ಕೈ ಚಾಚಿ ಬಾವಿ ತೋರಿಸಿದರು. ಪೈಪು ಬರುವ ಮೊದಲು ಇಡೀ ಊರಿಗೆ ನೀರು ಕೊಟ್ಟಿದ್ದ ಅಗಲವಾದ ಕಲ್ಲುಬಾವಿ ಅದು. ಬಗ್ಗಿ ನೋಡಿದೆ. ನೀರು ಮೇಲಿನಿಂದ ನಾಲ್ಕನೇ ಮೆಟ್ಟಿಲಲ್ಲೇ ಇತ್ತು. ಆಗ ಶಿವರಾತ್ರಿ ಕಳೆದಿತ್ತು. ಹಿಂದಿನ ವರ್ಷಗಳಲ್ಲಿ ಈ ಹೊತ್ತಿಗೆ ತಳದ ಕಲ್ಲು ಕಾಣುತ್ತಿತ್ತು ಎಂದ ಆಪರೇಟರು ತಾವೂ ಇನ್ನೊಮ್ಮೆ ಬಗ್ಗಿದರು. ಸೋರಿದ ನೀರು ಹೂಳಿನಲ್ಲಿ ನಿಂತು, ನೆಲಕ್ಕಿಳಿದು ಬಾವಿ ಸೇರಿತ್ತು.

ಆ ದಿನ ವಾಲ್ವು ಬಿಗಿಮಾಡದೆ ಹಿಂದಿರುಗಿದೆ. ಕೆಲಸಕ್ಕೆ ಸೇರಿದ ಮೇಲೆ ನಾನು ಮಾಡಿದ ಮೊದಲ ತಪ್ಪು ಅದು. ಆದರೂ ದಾರಿಯುದ್ದಕ್ಕೂ ಮನಸ್ಸು ಹಗುರವಾಗಿತ್ತು.

ನಮ್ಮ ತೊಂದರೆ ಬೇಸಿಗೆಯದ್ದು. ಮಳೆಗಾಲ ಮುಗಿಯುವ ಹೊತ್ತಿಗೆ ಜಲಾಶಯ ತುಂಬಿ ಹೆಚ್ಚಾದ ನೀರನ್ನು ಹೊರಗೆ ಬಿಡುತ್ತಿದ್ದರು. ಏಪ್ರಿಲ್ ಬಂದರೆ ಹಿನ್ನೀರು ಪಂಪ್‌ಹೌಸಿನಿಂದ ದೂರ ಸರಿದು, ಮಧ್ಯೆ ಬರೀ ಕೆಸರು. ತುಂಬಿದ ದಿನಗಳಲ್ಲಿ ಹೊರಹೋಗುವ ನೀರಿನಲ್ಲಿ ಒಂದಿಷ್ಟನ್ನು ಕೆರೆಗೆ ಹತ್ತಿಸಿ ನಿಲ್ಲಿಸಿದರೆ, ಬೇಸಿಗೆಯಲ್ಲಿ ಬಾವಿ ಅದನ್ನು ಊರಿಗೆ ವಾಪಸು ಕೊಡಬಹುದಲ್ಲ? ಒಂದು ಹಾಳೆಯಲ್ಲಿ ಚಿತ್ರ ಬರೆದು ಹಿರಿಯ ಅಧಿಕಾರಿಗಳ ಮುಂದಿಟ್ಟೆ. ಅವರು ಕನ್ನಡಕ ಏರಿಸಿಕೊಂಡು ನೋಡಿ ನಕ್ಕರು. ಸೋರಿಕೆಗೆ ಯೋಜನೆ ಅಂತ ಹೆಸರಿಟ್ಟು ತಂದಿದ್ದೀಯಲ್ಲಮ್ಮ ಎಂದರು. ಆದರೆ ಹಾಳೆಯನ್ನು ವಾಪಸು ಕೊಡಲಿಲ್ಲ. ಜಲಾಶಯದವರಿಗೆ ತಾವೇ ಪತ್ರ ಬರೆದರು. ಜಲಾಶಯ ತುಂಬಿದ್ದಾಗ ಮಾತ್ರ, ಒಂದು ಮಳೆಗಾಲದ ಮಟ್ಟಿಗೆ ಎಂದು ಒಪ್ಪಿಗೆ ಬಂತು.

ಏರಿ ಕಟ್ಟಿಸುವಾಗ ಒಂದು ತೊಡಕು ಎದುರಾಯಿತು. ಕೆರೆಯ ತೂಬು, ಅಂದರೆ ನೀರು ಹೊರಬಿಡುವ ಕಲ್ಲಿನ ಬಾಯಿ, ಎಲ್ಲಿ ಹೂತುಹೋಗಿದೆಯೆಂದು ಯಾರಿಗೂ ತಿಳಿದಿರಲಿಲ್ಲ. ಅದಿಲ್ಲದೆ ನೀರು ನಿಲ್ಲಿಸಿದರೆ ಜೋರು ಮಳೆಗೆ ಏರಿಯೇ ಹೋಗುತ್ತದೆ. ನಕ್ಷೆ ಹುಡುಕಿ ಸೋತೆ. ಕೊನೆಗೆ ಅಜ್ಜಿಯನ್ನು ಕೇಳಿದೆ. ಅವರು ಏರಿಯ ಮೇಲೆ ನಿಧಾನವಾಗಿ ನಡೆದು, ಒಂದು ಕಡೆ ನಿಂತು, ಹಿಂದೆ ಬಂದು, ಲಂಟಾನದ ಪೊದೆಯನ್ನು ಕೋಲಿನಿಂದ ತಟ್ಟಿದರು. ಸಣ್ಣವರಿದ್ದಾಗ ಅಲ್ಲಿ ಬಟ್ಟೆ ಒಗೆಯುತ್ತಿದ್ದರಂತೆ. ಕೂಲಿಗೆ ಬಂದ ಹೆಂಗಸರು ಪೊದೆ ಸವರಿ ಅಗೆದರು. ಸೊಂಟದಾಳಕ್ಕೆ ಹೋದಾಗ ಗುದ್ದಲಿ ಠಣ್ ಎಂದಿತು. ಎಲ್ಲರೂ ಅಗೆಯುವುದು ಬಿಟ್ಟು ಕೈಯಲ್ಲೇ ಮಣ್ಣು ಬಳಿದರು. ಕಲ್ಲಿನ ತೂಬು ಸ್ವಲ್ಪವೂ ಮುಕ್ಕಾಗದೆ ಕೂತಿತ್ತು. ನಾನು ಚಪ್ಪಲಿ ಬಿಟ್ಟು ಗುಂಡಿಗಿಳಿದೆ. ಸೀರೆಯೆಲ್ಲ ಕೆಸರಾಯಿತು. ಹೆಂಗಸರು ನಗುತ್ತಿದ್ದರು, ನಾನೂ ನಗುತ್ತಿದ್ದೆ, ಯಾಕೆಂದು ಯಾರೂ ಕೇಳಲಿಲ್ಲ.

ಸೋರುವ ವಾಲ್ವು ತೆಗೆದು, ತಿರುಗಿಸಿದರೆ ತೆರೆದುಕೊಳ್ಳುವ ಹೊಸದನ್ನು ಹಾಕಿದೆವು. ಜಲಾಶಯ ತುಂಬಿದ ಸುದ್ದಿ ಬಂದ ಬೆಳಿಗ್ಗೆ ಆಪರೇಟರು ಪಂಪು ಹಾಕಿ, ಮೊಬೈಲಿನಲ್ಲಿ ಮಿಸ್ಡ್ ಕಾಲ್ ಕೊಟ್ಟರು. ನಾನು ಚಕ್ರ ತಿರುಗಿಸಿದೆ. ಮೊದಲು ಗಾಳಿ ಬುಸ್ಸೆಂದಿತು, ಆಮೇಲೆ ಕೆಂಪು ನೀರು, ಸ್ವಲ್ಪ ಹೊತ್ತಿಗೆ ತಿಳಿನೀರು. ವಿದ್ಯುತ್ ಇದ್ದಷ್ಟು ಹೊತ್ತು, ವಾರಗಟ್ಟಲೆ ಹಾಗೇ ನಡೆಯಿತು. ಮೂರನೇ ದಿನಕ್ಕೆ ಕಪ್ಪೆಗಳು ಬಂದವು. ಎಲ್ಲಿದ್ದವೋ ಏನೋ. ದೀಪಾವಳಿಯ ಹೊತ್ತಿಗೆ ಅಂಚಿನ ತುಂಬ ಜೊಂಡು, ನಡುವೆ ನೀರುಕೋಳಿ. ನಾನು ಎಂದೂ ನೋಡಿರದ ಉದ್ದ ಕಾಲಿನ ಹಕ್ಕಿಗಳು ಗುಂಪಾಗಿ ಇಳಿದವು. ಮುತ್ತಿನಕೊಪ್ಪದ ಬಸ್ಸಿನ ಡ್ರೈವರು ಏರಿಯ ಹತ್ತಿರ ಬಂದಾಗ ಬಸ್ಸು ನಿಧಾನ ಮಾಡುತ್ತಿದ್ದ. ಪ್ರಯಾಣಿಕರು ಕಿಟಕಿಯ ಕಡೆ ವಾಲುತ್ತಿದ್ದರು.

ಅಜ್ಜಿ ಕೂಲಿ ಬಿಟ್ಟು ಮತ್ತೆ ಚಾಪೆಗೆ ಕೂತರು. ಜೊಂಡನ್ನು ಬುಡದಿಂದ ಕೀಳಬಾರದು, ನೀರಿನ ಮೇಲೆ ಒಂದು ಗೇಣು ಬಿಟ್ಟು ಕೊಯ್ಯಬೇಕು ಎಂದು ನನಗೂ ಕಲಿಸಿದರು. ನಾನು ಹೆಣೆದದ್ದು ಚಾಪೆಯಂತಿರಲಿಲ್ಲ, ಮೊರದಂತಿತ್ತು.

ಏಪ್ರಿಲಿನಲ್ಲಿ ಹಿನ್ನೀರು ಎಂದಿನಂತೆ ಸರಿಯಿತು. ಪಂಪು ಕೆಸರು ಎಳೆಯತೊಡಗಿದ ದಿನ ಬಾವಿಗೆ ಮೋಟಾರು ಇಳಿಸಿದೆವು. ನೀರನ್ನು ಮೊದಲೇ ಪರೀಕ್ಷೆಗೆ ಕಳಿಸಿ, ಕುಡಿಯಬಹುದೆಂಬ ವರದಿ ತರಿಸಿಟ್ಟಿದ್ದೆ. ಸಂಜೆಯವರೆಗೆ ಎತ್ತಿದರೂ ಬೆಳಿಗ್ಗೆಗೆ ಬಾವಿ ಮತ್ತೆ ತುಂಬುತ್ತಿತ್ತು. ಪೂರ್ತಿ ಊರಿಗೆ ಅದೊಂದೇ ಸಾಲುತ್ತಿರಲಿಲ್ಲ. ಜಲಾಶಯದಿಂದ ಸಿಕ್ಕಷ್ಟು, ಬಾವಿಯಿಂದ ಉಳಿದದ್ದು ಎಂದು ಬೀದಿ ಬೀದಿಗೆ ಹಂಚಿದೆವು. ಮೇ ತಿಂಗಳಲ್ಲಿ ಕೊಡ ಹಿಡಿದು ಕಚೇರಿಗೆ ಬರುತ್ತಿದ್ದ ಮೇಲಿನ ಬೀದಿಯವರು ಆ ವರ್ಷ ಬರಲಿಲ್ಲ. ಅದೇ ನನಗೆ ದಿಗಿಲು ಹುಟ್ಟಿಸಿತು. ನೀರು ನಿಜಕ್ಕೂ ಹತ್ತುತ್ತಿದೆಯೋ ಇಲ್ಲವೋ ನೋಡಲು ಒಬ್ಬಳೇ ಹೋದೆ.

ಆ ಬೀದಿಯ ಏರುದಾರಿಯ ತುದಿಯಲ್ಲಿದ್ದ ಮನೆಯ ಹೆಂಗಸು ನಲ್ಲಿಯ ಕೆಳಗೆ ಬಿಂದಿಗೆ ಇಟ್ಟು ಪಾತ್ರೆ ತೊಳೆಯುತ್ತಿದ್ದರು. ನಾನು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಬಿಸಿಲಲ್ಲಿ ಬಂದವಳೆಂದು ಒಳಗೆ ಕರೆದು ಕಾಫಿ ಮಾಡಿದರು.

"ಈ ಸಲ ಬೇಸಿಗೆ ಬಂದಿದ್ದೇ ಗೊತ್ತಾಗ್ಲಿಲ್ಲ ಕಣಮ್ಮ," ಎಂದರು. "ಅದೆಂತ ಮಾಡಿದ್ರೋ ಏನೋ. ನೀರು ಸಮೇತ ರುಚಿಯಾಗಿದೆ."

ಮಾಡಿದವರಲ್ಲಿ ನಾನೂ ಒಬ್ಬಳು ಎಂದು ಹೇಳಲು ಬಾಯಿಯವರೆಗೆ ಬಂತು. ಬದಲಿಗೆ ಲೋಟ ಮುಂದೆ ಚಾಚಿ, ಇನ್ನೊಂದಿಷ್ಟು ಕಾಫಿ ಇದೆಯಾ ಎಂದು ಕೇಳಿದೆ.