ಶಾಲೆಯ ಅಂಗಳದಲ್ಲಿ ಅಮ್ಮನ ಬೆನ್ನು

ಅಮ್ಮ ತೀರಿಕೊಂಡ ಮೇಲೆ ಅಪ್ಪನಿಗೆ ಅವಳ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಹೀಗೆ ಬರೆಯುವುದು ಒರಟು ಎಂದು ಗೊತ್ತು, ಆದರೆ ನಡೆದದ್ದು ಹಾಗೆಯೇ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಅಜ್ಜಂಪುರದಲ್ಲಿ ಅಪ್ಪನದು ಈರುಳ್ಳಿ ಮಂಡಿ. ಊರಿನ ಹೆಣ್ಣುಮಕ್ಕಳ ಶಾಲೆಗೆ ಅಮ್ಮನ ಹೆಸರಿನಲ್ಲಿ ಒಂದು ಕೊಠಡಿ ಕಟ್ಟಿಸಿಕೊಟ್ಟರು. ಅದರ ಮುಂದೆ ಅವಳ ಕಲ್ಲಿನ ಪ್ರತಿಮೆ ನಿಲ್ಲಿಸುತ್ತೇನೆ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದರು. ಇದರ ಹಿಂದಿನ ಕಾರಣ ಮನೆಯವರಿಗೆ ಗೊತ್ತಿತ್ತು. ಅಮ್ಮನ ಅಕ್ಕ, ಸಖರಾಯಪಟ್ಟಣದ ದೊಡ್ಡಮ್ಮ, ಮಣ್ಣು ಮಾಡಿದ ದಿನ ನಾಲ್ಕು ಜನರೆದುರು, "ಇವ್ಳೊಬ್ಳು ಈ ಮನೇಲಿದ್ಲು ಅಂತ ನಿಮಗ್ಯಾರ್ಗಾದ್ರೂ ಗೊತ್ತಿತ್ತೇನ್ರೋ?" ಎಂದುಬಿಟ್ಟಿದ್ದಳು. ಅಪ್ಪನಿಗೆ ಆ ಮಾತು ನಾಟಿತ್ತು. ದೊಡ್ಡಮ್ಮ ಬಂದು ಪ್ರತಿಮೆ ನೋಡಿ ಒಪ್ಪಬೇಕು, ಅವರಿಗೆ ಬೇಕಾಗಿದ್ದದ್ದು ಅಷ್ಟೇ.

ನಾನು ಮದುವೆಯಾಗಿ ತರೀಕೆರೆಯಲ್ಲಿದ್ದೆ. ನಮ್ಮ ಬೀದಿಯ ಕೊನೆಯಲ್ಲಿ ಕಲಾಶಾಲೆಯಲ್ಲಿ ಕಲಿತು ಬಂದ ಶಿಲ್ಪಿಯೊಬ್ಬ ಶೆಡ್ಡು ಹಾಕಿಕೊಂಡಿದ್ದ. ಉಳಿಗಿಂತ ಬಾಯಿ ಜೋರು. ಅವನನ್ನು ಬಸ್ಸು ಹತ್ತಿಸಿ ತವರಿಗೆ ಕರೆದುಕೊಂಡು ಹೋದವಳು ನಾನೇ. ಪಡಸಾಲೆಯಲ್ಲಿ ಕೂತು ಕಾಫಿ ಕುಡಿದು, "ಅಮ್ಮಾವ್ರದೊಂದು ಫೋಟೋ ಕೊಡಿ" ಎಂದ.

ಗೋಡೆ ತುಂಬ ಫೋಟೋಗಳಿದ್ದವು. ಹೊಸ ಲಾರಿಗೆ ಹಾರ ಹಾಕಿ ಪಕ್ಕದಲ್ಲಿ ನಿಂತ ಅಪ್ಪ, ಕಡೂರಿನ ಸ್ಟುಡಿಯೋದಲ್ಲಿ ಪ್ಯಾಂಟು ತೊಟ್ಟು ಬೀಗಿದ ಇಬ್ಬರು ತಮ್ಮಂದಿರು, ಬಹುಮಾನ ಗೆದ್ದ ಅಮೃತಮಹಲ್ ಎತ್ತಿನ ಜೋಡಿ. ನನ್ನ ಮದುವೆಯ ಗುಂಪು ಫೋಟೋದಲ್ಲಿ ವಾಲಗದವರೂ ಇದ್ದಾರೆ, ಅಮ್ಮ ಇಲ್ಲ. ಆ ಹೊತ್ತಿನಲ್ಲಿ ಅವಳು ಎರಡನೇ ಪಂಕ್ತಿಗೆ ಪಾಯಸ ಸಾಲುತ್ತದೋ ಇಲ್ಲವೋ ಎಂದು ಕೊಪ್ಪರಿಗೆಯೊಳಗೆ ಇಣುಕುತ್ತಿದ್ದಳಂತೆ. ಪೆಟ್ಟಿಗೆ, ಟ್ರಂಕು ಎಲ್ಲ ತಡಕಿದೆವು. ಒಂದೂ ಸಿಗಲಿಲ್ಲ.

"ಹೋಗ್ಲಿ, ಬಾಯಲ್ಲೇ ಹೇಳಿ. ಮೂಗು ಹೆಂಗಿತ್ತು?" ಎಂದ ಶಿಲ್ಪಿ.

"ಮೂಗಾ? ಚೆನ್ನಾಗಿತ್ತು" ಎಂದರು ಅಪ್ಪ.

ದೊಡ್ಡ ತಮ್ಮ ಎಡಗೆನ್ನೆಯ ಮೇಲೆ ಮಚ್ಚೆ ಇತ್ತು ಎಂದ. ಚಿಕ್ಕವನು, ಬಲಗೆನ್ನೆ ಎಂದು ಅವನ ಮೇಲೇ ರೇಗಿದ. ಅಪ್ಪ ಇಬ್ಬರನ್ನೂ ನೋಡಿ, "ಮಚ್ಚೆ ಇತ್ತೇನ್ರೋ?" ಎಂದು ಕೇಳಿದರು. ನಾನು ಕಣ್ಣು ಮುಚ್ಚಿಕೊಂಡೆ. ಮೂಗುಬೊಟ್ಟು ಕಂಡಿತು, ಸೊಂಟಕ್ಕೆ ಸಿಕ್ಕಿಸಿದ ಸೆರಗು ಕಂಡಿತು, ಮುಖ ಮಾತ್ರ ಕೂಡಿಬರಲಿಲ್ಲ. ಅಪ್ಪ ಯಾವ ಕಾಲದಲ್ಲೋ ಮಾರಿದ ಎತ್ತಿನ ಹಣೆಯ ಮೇಲೆ ಸುಳಿ ಎಲ್ಲಿತ್ತು ಎಂದು ಯಾವಾಗ ಕೇಳಿದರೂ ಬೆರಳಿಟ್ಟು ತೋರಿಸುತ್ತಿದ್ದರು. ಹೊರಗಿನವನೊಬ್ಬನ ಮುಂದೆ ನಾವು ನಾಲ್ವರೂ ಬೆತ್ತಲೆ ಕೂತ ಹಾಗಿತ್ತು. ನನಗೆ ಅಷ್ಟು ನಾಚಿಕೆ ಅದುವರೆಗೆ ಎಂದೂ ಆಗಿರಲಿಲ್ಲ.

"ಅವ್ರ ತವರಿನ ಕಡೆಯೋರು ಯಾರಾದ್ರೂ?" ಎಂದು ಶಿಲ್ಪಿ ಶುರುಮಾಡುವಷ್ಟರಲ್ಲಿ ಅಪ್ಪ, "ಅವ್ರನ್ನ ಕೇಳೋದ್ ಬ್ಯಾಡ" ಎಂದು ಕಡ್ಡಿ ಮುರಿದಂತೆ ಹೇಳಿದರು. ಕೇಳಿದರೆ ದೊಡ್ಡಮ್ಮನ ಮಾತನ್ನು ನಾವೇ ಒಪ್ಪಿಕೊಂಡಂತೆ. ನಾವು ಮಕ್ಕಳೂ ಅದಕ್ಕೆ ತಲೆಯಾಡಿಸಿದೆವು.

ಶಿಲ್ಪಿಗೆ ಬೇಜಾರೇನೂ ಆದಂತೆ ಕಾಣಲಿಲ್ಲ. ಮೂಗು, ಕಣ್ಣು ಕೆತ್ತುವುದು ಅವನಿಗೆ ಮೊದಲೇ ಬೇಡವಾಗಿತ್ತು ಎಂದು ಈಗ ಅನಿಸುತ್ತದೆ. "ಮುಖ ಬಿಡಿ, ಹೆಂಗೆ ಕೂರ್ತಿದ್ರು ಹೇಳಿ" ಎಂದ. ತಕ್ಷಣ ನಮ್ಮೆಲ್ಲರ ಬಾಯಿ ಒಟ್ಟಿಗೆ ತೆರೆಯಿತು. ಒಲೆ ಊದುವಾಗ ಹೇಗೆ ಬಾಗುತ್ತಿದ್ದಳು, ಅಕ್ಕಿ ಆರಿಸುವಾಗ ಒಂದು ಮಂಡಿ ಹೇಗೆ ಎತ್ತಿಕೊಳ್ಳುತ್ತಿದ್ದಳು, ರುಬ್ಬುವಾಗ ಎಡ ಭುಜ ಹೇಗೆ ಇಳಿಯುತ್ತಿತ್ತು, ಒಬ್ಬರ ಮಾತಿಗೆ ಇನ್ನೊಬ್ಬರು ಹೌದು ಹೌದು ಎಂದೆವು. ಅಪ್ಪ ಎದ್ದು ನಿಂತು ಬಗ್ಗಿಯೂ ತೋರಿಸಿದರು. ಅವಳ ಬೆನ್ನು ನಮಗೆಲ್ಲ ಬಾಯಿಪಾಠವಾಗಿತ್ತು.

ಕೆಲವು ತಿಂಗಳಾದ ಮೇಲೆ ಶಿಲ್ಪಿ ಅಪ್ಪನನ್ನೂ ನನ್ನನ್ನೂ ತನ್ನ ಶೆಡ್ಡಿಗೆ ಕರೆಸಿ, ಗೋಣಿ ಸರಿಸಿ ತೋರಿಸಿದ. ಬೂದುಬಣ್ಣದ ಒಂದೇ ಕಲ್ಲು. ಕೈಯಿಲ್ಲ, ಕಾಲಿಲ್ಲ, ತಲೆಯಿಲ್ಲ. ಬಾಗಿದ ಒಂದು ಗುಡ್ಡೆ, ಒಂದು ಕಡೆ ತುಸು ಇಳಿದದ್ದು. ನಾನು ನೋಡಿದೊಡನೆ ಗುರುತು ಹಿಡಿದೆ. ಅದು ಅಮ್ಮನೇ. ಅಪ್ಪ ಮಾತ್ರ ಸುತ್ತು ಬಂದು, "ಇದೇನವ್ವಾ, ಎಲೆಕೋಸು ಇದ್ದಂಗೈತಲ್ಲ" ಎಂದರು. ಅದನ್ನೇ ಒಪ್ಪಿಕೊಳ್ಳಿ ಎಂದು ಹಟ ಹಿಡಿದವಳು ನಾನು. ಕೊನೆಗೆ ಅವರು ಇಳಿದ ಭುಜದ ಮೇಲೆ ಕೈಯಿಟ್ಟರು, ಬಹಳ ಹೊತ್ತು ತೆಗೆಯಲಿಲ್ಲ. ಮಾರನೆಯ ವಾರ ಲಾರಿ ಕಳಿಸಿದರು.

ಶಾಲೆಯ ಅಂಗಳದಲ್ಲಿ ಪರದೆ ಸರಿಸಿದ ದಿನ ಊರಿಗೆ ಊರೇ ಸೇರಿತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ, "ಇನ್ನೂ ಕೆತ್ತೋದೈತೆ ಕಣ್ರೀ" ಎಂದದ್ದು ಎಲ್ಲರಿಗೂ ಕೇಳಿಸಿತು, ಶಾಲೆಯ ಹುಡುಗಿಯರು ಕಿಸಕ್ಕೆಂದರು. ಅಪ್ಪನ ಕಣ್ಣು ದೊಡ್ಡಮ್ಮನ ಮೇಲೇ ಇತ್ತು.

ಅವಳು ಎದ್ದಳು. ತಂಗಿ ಮುತ್ತೈದೆಯಾಗಿ ಹೋದವಳೆಂದು ಸೆರಗಿನಲ್ಲಿ ಕುಂಕುಮದ ಭರಣಿ ತಂದಿದ್ದಳು. ಬೆರಳಿಗೆ ಕುಂಕುಮ ತೆಗೆದುಕೊಂಡು ಕಲ್ಲಿನ ಹತ್ತಿರ ಹೋದಳು. ಬೆನ್ನು ಕಂಡಿತು, ಮುಖ ಆ ಕಡೆ ಇರಬೇಕೆಂದು ಸುತ್ತಿ ಬಂದಳು. ಅಲ್ಲೂ ಇಲ್ಲದೆ ಮತ್ತೆ ಈ ಕಡೆ ಬಂದಳು. ಆಮೇಲೆ ಕೈ ಹಾಗೇ ಎತ್ತಿ ಹಿಡಿದುಕೊಂಡು ಅಪ್ಪನನ್ನು ಕೇಳಿದಳು: "ಏನಪ್ಪಾ, ಕುಂಕುಮ ಎಲ್ಲಿಗಿಡ್ಲಿ?"

ಅಪ್ಪ ತಲೆ ತಗ್ಗಿಸಿದರು. ತಮ್ಮಂದಿರು ಶಾಮಿಯಾನದ ಹಗ್ಗ ಸರಿಮಾಡುವವರಂತೆ ಅತ್ತ ತಿರುಗಿಕೊಂಡರು. ನಾನು, "ಅದು ಅಮ್ಮ ಬಗ್ಗಿ ಕೂತಿರೋದು ದೊಡ್ಡಮ್ಮ" ಎಂದೆ.

"ಬಗ್ಗಿರೋದು ಗೊತ್ತಾಯ್ತು ಕಣೇ" ಎಂದಳು. ಗದ್ದ ಹಿಡಿದು ನನ್ನ ಮುಖವನ್ನು ಬಿಸಿಲಿಗೆ ತಿರುಗಿಸಿ ಒಂದು ಕ್ಷಣ ನೋಡಿದಳು. ಅಷ್ಟು ಜನರೆದುರು ಆ ಕುಂಕುಮವನ್ನು ನನ್ನ ಹಣೆಗೆ ಒತ್ತಿದಳು.

"ಅವ್ಳದೇ ಹಣೆ, ಅವ್ಳದೇ ಮೂಗು. ನಿಮ್ಮನೇಲಿ ಒಂದು ಕನ್ನಡೀನೂ ಇರ್ಲಿಲ್ವೇನೇ?"